ನಾಳೆಯ ಪಾಠಕ್ಕೆ ಇವತ್ತೇ ಒಂದು ಊಹೆ
ಫಿಸಿಕ್ಸ್ ಕಲಿಸುವವರು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಸುಮ್ನೆ 'ನಾಳೆ ಗುರುತ್ವಾಕರ್ಷಣೆ, ಓದಿಕೊಂಡು ಬನ್ನಿ' ಅಂತ ಹಾಕಬೇಡಿ. ಜೊತೆಗೆ ಊಹಿಸುವಂಥ ಒಂದು ಪ್ರಶ್ನೆ ಕೇಳಿ, ಉತ್ತರ ಕ್ಲಾಸಿನಲ್ಲೇ ಕೊಡಿ. ಉದಾಹರಣೆಗೆ, ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಇವತ್ತು ಸಂಜೆ 5 ಗಂಟೆಗೆ ಸಮುದ್ರ ಪೂರ್ತಿ ಉಬ್ಬಿದ್ದರೆ ನಾಳೆ ಸಂಜೆ ಎಷ್ಟಕ್ಕೆ? (ಸುಮಾರು 50 ನಿಮಿಷ ತಡ. ಅಷ್ಟರಲ್ಲಿ ತನ್ನ ಗುರುತ್ವದಿಂದ ಸಮುದ್ರವನ್ನು ಉಬ್ಬಿಸುವ ಚಂದ್ರ ತನ್ನ ಕಕ್ಷೆಯಲ್ಲಿ ಮುಂದೆ ಹೋಗಿರುತ್ತಾನೆ. ಮೀನುಗಾರರ ಮನೆಯ ಮಕ್ಕಳು ಪುಸ್ತಕ ತೆಗೆಯದೆಯೇ ಹೇಳಿಬಿಡುತ್ತಾರೆ, ಮಜಾ ಇರುವುದೇ ಅಲ್ಲಿ.) ಒಮ್ಮೆ ಊಹೆ ಹೇಳಿದ ಮೇಲೆ ಸರಿಯೋ ತಪ್ಪೋ ನೋಡುವ ಕುತೂಹಲ ತಾನಾಗಿ ಬರುತ್ತದೆ ಅಲ್ವಾ. ಆದರೆ ಊಹೆಗೆ ಅಂಕ ಇಟ್ಟರೆ ಕೆಲಸ ಕೆಟ್ಟಿತು, ಎಲ್ಲರೂ ಗೂಗಲ್ ಮಾಡುತ್ತಾರೆ. ನೆಟ್‌ವರ್ಕ್ ಸಿಗದ ಹಳ್ಳಿಗಳಿಂದ ಬರುವವರಿದ್ದರೆ ಕ್ಲಾಸ್ ಮುಗಿಯುವಾಗ ಪ್ರಶ್ನೆಯನ್ನು ಬೋರ್ಡಿನ ಮೇಲೂ ಬರೆದುಬಿಡಿ.