ಸಾಕೆಟ್ ದೊಡ್ಡದು, ಒಳಗಿನ ವೈರ್ ಸಣ್ಣದು

ರಾಯಚೂರಿನ ನಮ್ಮ ಹಳೇ ಮನೆಗೆ ಇಂಡಕ್ಷನ್ ಒಲೆ ತಂದೆವು. ಅಡುಗೆಮನೆಯಲ್ಲಿ 16 ಆಂಪಿಯರ್ ಸಾಕೆಟ್ ಮೊದಲೇ ಇತ್ತು, ಹಂಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹದಿನೈದು ದಿನಕ್ಕೆ ಸಾಕೆಟ್ ಕಂದುಬಣ್ಣಕ್ಕೆ ತಿರುಗಿತು, ಪ್ಲಗ್ ಮುಟ್ಟಿದರೆ ಕೈ ಸುಡೋದು. ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿದರೆ ಒಳಗೆ 1 ಸ್ಕ್ವೇರ್ ಎಂಎಂ ದಪ್ಪದ ವೈರ್! ಬಲ್ಬಿಗೆ ಎಳೆಯೋದು ಅದನ್ನ.

ಅದಕ್ಕೇ ಮೊದಲು ಲೆಕ್ಕ ಹಾಕಿ. ಒಲೆಯ ತಳದಲ್ಲಿ ಬರೆದ ವ್ಯಾಟನ್ನು 230ರಿಂದ ಭಾಗಿಸಿ. 2000 ವ್ಯಾಟ್ ಅಂದರೆ ಸುಮಾರು 8.7 ಆಂಪಿಯರ್, 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಇದು ಆಗಲ್ಲ. ಮೈಕ್ರೋವೇವ್ ಮೇಲೆ ದೊಡ್ಡದಾಗಿ 800 ವ್ಯಾಟ್ ಅಂತ ಇದ್ದರೆ ಅದು ಅಡುಗೆಗೆ ಸಿಗುವ ಶಕ್ತಿ, ಗೋಡೆಯಿಂದ ಎಳೆಯುವುದು ಅದಕ್ಕಿಂತ ಜಾಸ್ತಿ, ಹಿಂದಿನ ಚೀಟಿ ಓದಿ. 2000 ವ್ಯಾಟಿನ ಎರಡು ಉಪಕರಣ ಒಂದೇ ಲೈನಿನಲ್ಲಿ ಓಡಿದರೆ 17 ಆಂಪಿಯರ್ ದಾಟುತ್ತೆ, ಆದ್ದರಿಂದ ಒಂದೊಂದಕ್ಕೂ ಮನೆಯ ಮೇನ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ.

16 ಆಂಪಿಯರ್ ಸಾಕೆಟ್ಟಿಗೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಮಾನ್ಯ. ನಾನಂತೂ ದೊಡ್ಡ ಓವನ್ನಿಗೆ, ಬೋರ್ಡ್ ದೂರ ಇದ್ದರೆ, 4 ಸ್ಕ್ವೇರ್ ಎಂಎಂ ಹಾಕಿಸಿ ಅನ್ನುತ್ತೇನೆ. ನಮ್ಮ ಕಡೆ ಬೇಸಿಗೆ ಗೊತ್ತಲ್ವಾ, ಗೋಡೆಯೇ ಕಾದ ಹೆಂಚಾಗಿರುತ್ತೆ. ಬಿಸಿ ಹೆಚ್ಚಿದಷ್ಟೂ ವೈರ್ ತಾಳುವ ಕರೆಂಟ್ ಕಡಿಮೆಯಾಗುತ್ತೆ.

ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಬೋರ್ಡಿನ ಸ್ವಿಚ್, ಪದೇ ಪದೇ ಬೀಳುತ್ತೆ ಅಂತ 16 ಆಂಪಿಯರಿನದು ತೆಗೆದು 32ರದ್ದು ಹಾಕಿಸುವವರಿದ್ದಾರೆ. ದಯವಿಟ್ಟು ಬೇಡ. ಎಂಸಿಬಿ ಕಾಯೋದು ಒಲೆಯನ್ನಲ್ಲ, ವೈರನ್ನು. ದೊಡ್ಡದು ಹಾಕಿದರೆ ಅದು ಬೀಳೋ ಮುಂಚೆ ವೈರೇ ಸುಟ್ಟಿರುತ್ತೆ.

ಶಾಕ್‌ನಿಂದ ಕಾಯೋದಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಬೇರೆ ಬೇಕು. ಅದರ ಟೆಸ್ಟ್ ಬಟನ್ ಆಗಾಗ ಒತ್ತಿ, ಬೀಳದಿದ್ದರೆ ಅದು ಇದ್ದೂ ಇಲ್ಲದಂಗೆ. ಪ್ಲಗ್ಗಿನ ದಪ್ಪ ಕಡ್ಡಿ ಅರ್ಥಿಂಗಿನದು, ಸಾಕೆಟ್ಟಿಗೆ ಹೋಗಲ್ಲ ಅಂತ ಅದನ್ನು ಕತ್ತರಿಸಬೇಡಿ. ಅರ್ಥಿಂಗ್ ಗುಂಡಿ ಏಪ್ರಿಲ್ ಹೊತ್ತಿಗೆ ಒಣಗಿರುತ್ತೆ, ವಾರಕ್ಕೊಂದು ಕೊಡ ನೀರು ಹಾಕಿ.

ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತೆ. ಸಾಲದಿದ್ದರೆ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಹಾಕಿ. ಬೋರ್ಡನ್ನು ಮಾತ್ರ ಸುಮ್ನೆ ನೀವೇ ಬಿಚ್ಚಬೇಡಿ, ಹಳೇ ಮನೆಗಳಲ್ಲಿ ಕೆಂಪು ಫೇಸು, ಕಪ್ಪು ನ್ಯೂಟ್ರಲ್ಲು, ಹಸಿರು ಅರ್ಥು ಅನ್ನೋದನ್ನೂ ನಂಬೋಕಾಗಲ್ಲ.

ಕೆಲಸ ಮುಗಿದ ಮೇಲೆ ಒಲೆಯನ್ನು ಅರ್ಧ ಗಂಟೆ ಜೋರಾಗಿ ಓಡಿಸಿ. ಸ್ವಿಚ್ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡೋಕಾಗದಿದ್ದರೆ ಎಲ್ಲೋ ಸ್ಕ್ರೂ ಸಡಿಲ ಇದೆ, ಇಲ್ಲಾ ವೈರ್ ಇನ್ನೂ ಸಣ್ಣದೇ ಇದೆ, ಕೆಲಸ ಮಾಡಿದ ಎಲೆಕ್ಟ್ರಿಷಿಯನ್ನನ್ನೇ ವಾಪಸ್ ಕರೆಸಿ.