ಸದನದಲ್ಲಿ ಗಾಳಿ ಮತ್ತು ನೀರಿನ ಪ್ರಶ್ನೆ: ನನ್ನ ಅನುಭವ

ಮಧ್ಯ ಕರ್ನಾಟಕದ ಶಾಸಕರೊಬ್ಬರಿಗೆ ವಿಧಾನಸಭೆಯ ಪ್ರಶ್ನೆಗಳನ್ನು ಸಿದ್ಧಪಡಿಸಿ ಕೊಡುವುದು ನನ್ನ ಕೆಲಸ. ಶುದ್ಧ ಗಾಳಿ, ಶುದ್ಧ ನೀರು ಹಾಗೂ ಹವಾಮಾನ ನೀತಿಯ ಪರವಾಗಿ ಅವರು ಬಿಡದೆ ದನಿ ಎತ್ತುತ್ತ ಬಂದಿದ್ದಾರೆ. ಆ ದನಿಗೆ ಸರ್ಕಾರ ಅಂಕಿಅಂಶಗಳಲ್ಲೇ ಉತ್ತರಿಸುವಂತೆ ಪ್ರಶ್ನೆಯನ್ನು ಹೆಣೆಯಬೇಕು ಎಂಬುದನ್ನು ಕೆಲಸ ಮಾಡುತ್ತಲೇ ಕಲಿತೆ.

ಸದನದ ಪ್ರಶ್ನೆ ಅ, ಆ, ಇ ಎಂಬ ಭಾಗಗಳಲ್ಲಿರುತ್ತದೆ. ‘ವಾಯುಮಾಲಿನ್ಯ ಹೆಚ್ಚಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ’ ಎಂದು ಮೊದಲ ಭಾಗದಲ್ಲಿ ಕೇಳಿದರೆ ಇಲಾಖೆ ‘ಇಲ್ಲ’ ಎನ್ನಬಹುದು. ಹಾಗೆಂದ ಮೇಲೆ ‘ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು’ ಎಂಬುದರ ಎದುರು ‘ಉದ್ಭವಿಸುವುದಿಲ್ಲ’ ಎಂದಷ್ಟೇ ಬರೆದರೆ ಸಾಕಾಗುತ್ತದೆ. ಆದ್ದರಿಂದ ನಾವು ನೇರವಾಗಿ ವಿವರವನ್ನೇ ಕೇಳುತ್ತೇವೆ.

ಗಾಳಿಯ ವಿಚಾರವನ್ನೇ ನೋಡಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ರಾಜ್ಯದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ ಸೇರಿವೆ. ಪಿಎಂ10, ಅಂದರೆ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು ಎನ್ನುವ ರಾಷ್ಟ್ರೀಯ ಮಾನದಂಡವು, ಆ ಸರಾಸರಿಗೆ ವಾರಕ್ಕೆ ಎರಡು ಬಾರಿಯಂತೆ ವರ್ಷಕ್ಕೆ ಕನಿಷ್ಠ 104 ಮಾಪನಗಳು ಇರಬೇಕೆಂದೂ ಹೇಳುತ್ತದೆ. ಧೂಳು ಹೆಚ್ಚಿರುವ ಒಣ ತಿಂಗಳುಗಳಲ್ಲಿ ಯಂತ್ರ ಕೆಟ್ಟು ನಿಂತು, ಮಳೆಗಾಲದಲ್ಲಿ ಮಾತ್ರ ಸರಿಯಾಗಿ ನಡೆದಿದ್ದರೆ ಸರಾಸರಿ ತಾನಾಗಿಯೇ ಇಳಿಯುತ್ತದೆ, ಉಸಿರಾಡುವವರ ಪಾಡು ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಸರಾಸರಿಯ ಜೊತೆಗೆ ಕೇಂದ್ರವಾರು, ತಿಂಗಳುವಾರು ಎಷ್ಟು ಮಾಪನಗಳು ನಡೆದಿವೆ ಎಂಬುದನ್ನೂ ಅನುಬಂಧದಲ್ಲಿ ಒದಗಿಸುವಂತೆ ಕೇಳುತ್ತೇವೆ. ನನ್ನ ದೃಷ್ಟಿಯಲ್ಲಿ ಇಡೀ ಉತ್ತರದಲ್ಲಿ ಮೊದಲು ಓದಬೇಕಾದದ್ದು ಈ ಅನುಬಂಧವನ್ನೇ.

ನೀರಿನ ವಿಷಯದಲ್ಲಿ ಶಾಸಕರ ಹಕ್ಕು ಇನ್ನೂ ಗಟ್ಟಿಯಾದದ್ದು. ನೀರು ರಾಜ್ಯಪಟ್ಟಿಯ, ಅಂದರೆ ರಾಜ್ಯಗಳೇ ಕಾನೂನು ಮಾಡುವ ವಿಷಯವಾದ್ದರಿಂದ 1974ರ ಜಲಮಾಲಿನ್ಯ ಕಾಯ್ದೆಯನ್ನು ಸಂಸತ್ತು ರೂಪಿಸಿದ್ದೇ ರಾಜ್ಯಗಳ ವಿಧಾನಮಂಡಲಗಳ ನಿರ್ಣಯದ ಮೇಲೆ. ಹಾಗೆ ಮೊದಲಿಗೇ ಒಪ್ಪಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ತುಂಗಭದ್ರೆಯ ಬಗ್ಗೆ ಕೇಳುವಾಗ ‘ನದಿ ಮಲಿನವಾಗಿದೆಯೇ’ ಎನ್ನುವ ಬದಲು, ದಡದ ಪ್ರತಿ ಪಟ್ಟಣದಲ್ಲೂ ದಿನಕ್ಕೆ ಉತ್ಪತ್ತಿಯಾಗುವ ಕೊಳಚೆ ನೀರೆಷ್ಟು, ಶುದ್ಧೀಕರಣ ಘಟಕಕ್ಕೆ ತಲುಪುವುದೆಷ್ಟು, ನೀರೆತ್ತುವ ಸ್ಥಳದಲ್ಲಿ ಬಿಒಡಿ (ನೀರಿನಲ್ಲಿನ ಸಾವಯವ ಕೊಳೆ ಕರಗಲು ಬೇಕಾಗುವ ಆಮ್ಲಜನಕ) ಪ್ರಮಾಣ ಲೀಟರಿಗೆ 3 ಮಿಲಿಗ್ರಾಂ ಮೀರಿದ ತಿಂಗಳುಗಳು ಯಾವುವು ಎಂದು ಕೇಳುತ್ತೇವೆ. ಕೆರೆಯ ಪ್ರಶ್ನೆಯಾದರೆ ಅದು ಸಣ್ಣ ನೀರಾವರಿಗೆ ಸೇರಿದ್ದೋ, ಪಂಚಾಯಿತಿಗೋ, ನಗರಸಭೆಗೋ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ಅಧಿವೇಶನ ಮುಗಿಯುವವರೆಗೂ ಪ್ರಶ್ನೆ ಇಲಾಖೆಯಿಂದ ಇಲಾಖೆಗೆ ಅಲೆಯುತ್ತದೆ.

ಅಂಕಿಅಂಶ ಬೇಡುವ ಪ್ರಶ್ನೆಗಳನ್ನು ಚುಕ್ಕೆ ಗುರುತಿಲ್ಲದವುಗಳಾಗಿ ಕಳುಹಿಸಿ ಲಿಖಿತ ಉತ್ತರ ಪಡೆಯುತ್ತೇವೆ. ಅದನ್ನೇ ಆಧಾರವಾಗಿಟ್ಟುಕೊಂಡು ಮುಂದೆ, ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೆ ಶಾಸಕರು ಉಪಪ್ರಶ್ನೆಗಳ ಮೂಲಕ ಸಚಿವರಿಂದ ಕಾಲಮಿತಿ ಕೇಳಬಹುದು. ಸಚಿವರು ಸದನದಲ್ಲಿ ‘ಮಾಡುತ್ತೇವೆ’ ಎಂದದ್ದನ್ನು ಸರ್ಕಾರಿ ಭರವಸೆಗಳ ಸಮಿತಿಯು ಮುಂದೆಯೂ ವಿಚಾರಿಸಬಲ್ಲದು, ಆದ್ದರಿಂದ ನಡಾವಳಿಯಲ್ಲಿನ ಆ ಸಾಲನ್ನು ನಾನು ಅಂದೇ ಗುರುತಿಸಿಟ್ಟುಕೊಳ್ಳುತ್ತೇನೆ.

ಹವಾಮಾನ ನೀತಿಯೇ ಅತ್ಯಂತ ಕಷ್ಟದ್ದು. ರಾಜ್ಯಕ್ಕೆ ಹವಾಮಾನ ಬದಲಾವಣೆಯ ಕ್ರಿಯಾ ಯೋಜನೆಯೇನೋ ಇದೆ, ಆದರೆ ಅದರ ಕೆಲಸ ಕೃಷಿ, ಇಂಧನ, ಸಾರಿಗೆ ಮತ್ತು ನಗರಾಭಿವೃದ್ಧಿ ಇಲಾಖೆಗಳಲ್ಲಿ ಹಂಚಿಹೋಗಿದೆ. ಪರಿಸರ ಇಲಾಖೆಯೊಂದನ್ನೇ ಕೇಳಿದರೆ ಯೋಜನೆಯ ಪ್ರತಿಯಷ್ಟೇ ಸಿಗುತ್ತದೆ. ಈಗ ನಾವು ಬಜೆಟ್ ಅಧಿವೇಶನದಲ್ಲಿ ಇಲಾಖಾವಾರು ಅನುದಾನದ ಬೇಡಿಕೆಗಳ ಚರ್ಚೆಗೆ ಮುನ್ನವೇ, ಆಯಾ ಇಲಾಖೆಯು ಆ ಯೋಜನೆಯಡಿ ತನ್ನ ಪಾಲಿನ ಕೆಲಸಕ್ಕೆ ಎಷ್ಟು ಹಣ ಮೀಸಲಿಟ್ಟಿದೆ, ಅದರಲ್ಲಿ ಎಷ್ಟು ಖರ್ಚು ಮಾಡಿದೆ ಎಂದು ಬೇರೆ ಬೇರೆಯಾಗಿಯೇ ಕೇಳುತ್ತಿದ್ದೇವೆ.