‘ನಿಗೂಢ ಸಾವು’ ಅಂತ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮೊದಲು ಏನು ನೋಡಬೇಕು

ಕ್ಯಾಲಿಫೋರ್ನಿಯಾದ ಬೆಟ್ಟದ ದಾರಿಯೊಂದರಲ್ಲಿ ಗಂಡ, ಹೆಂಡತಿ, ಒಂದು ವರ್ಷದ ಮಗು, ಅವರ ನಾಯಿ, ನಾಲ್ಕೂ ಜೀವ ಒಟ್ಟಿಗೆ ಹೋದ ಸುದ್ದಿ ನೀವೂ ನೋಡಿರಬಹುದು. 2021ರ ಆಗಸ್ಟ್ ತಿಂಗಳಲ್ಲಿ ನಡೆದದ್ದು. ಮೈಮೇಲೆ ಗಾಯ ಇರಲಿಲ್ಲ. ಅಷ್ಟು ಸಾಕಾಯಿತು. ವಿಷ ಹಾಕಿದ್ದಾರೆ, ಹಳೇ ಚಿನ್ನದ ಗಣಿಯಿಂದ ಗ್ಯಾಸ್ ಬಂದಿದೆ, ಸಿಡಿಲು ಹೊಡೆದಿದೆ, ಯಾರೋ ಕೊಂದಿದ್ದಾರೆ, ಹೀಗೆ ಊಹೆಗಳು ಬೆಳೆಯುತ್ತಾ ಹೋದವು. ‘ಇಂದಿಗೂ ಬಿಡಿಸಲಾಗದ ರಹಸ್ಯ’ ಎಂಬ ತಲೆಬರಹದ ವಿಡಿಯೋಗಳು ಈಗಲೂ ಶಿರಸಿ, ಕುಮಟಾ ಕಡೆಯ ಫ್ಯಾಮಿಲಿ ಗ್ರೂಪುಗಳವರೆಗೆ ಬರುತ್ತವೆ.

ಅದು ರಹಸ್ಯ ಅಲ್ಲ. ಕಾರಣ ಗೊತ್ತಾಗಿ ವರ್ಷಗಳಾದವು. ಅವರನ್ನು ಕೊಂದದ್ದು ಬಿಸಿಲು. ಇಂಥ ಮೆಸೇಜ್ ಬಂದಾಗ ಏನೇನು ನೋಡಬೇಕು ಅಂತ ಇದೇ ಘಟನೆ ಇಟ್ಟುಕೊಂಡು ಹೇಳುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಗುಡ್ಡ, ಜಲಪಾತ ಸುತ್ತುವವರಿಗೆ ಇದು ಬೇಕೇ ಬೇಕು.

ಮೊದಲು ತಾರೀಖು ನೋಡಿ. ಆ ಕುಟುಂಬ ನಡೆಯಲು ಹೊರಟದ್ದು ಆಗಸ್ಟ್ 15ರ ಬೆಳಿಗ್ಗೆ. ಶವ ಸಿಕ್ಕಿದ್ದು 17ಕ್ಕೆ. ಸಾವಿನ ಕಾರಣವನ್ನು ಅಲ್ಲಿನ ಶೆರಿಫ್, ಅಂದರೆ ಆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಹೇಳಿದ್ದು ಅಕ್ಟೋಬರ್ 21ಕ್ಕೆ. ನಡುವಿನ ಎರಡು ತಿಂಗಳಲ್ಲಿ ಬರೆದದ್ದೆಲ್ಲ ಕಾರಣ ಗೊತ್ತಿಲ್ಲದೆ ಬರೆದದ್ದು. ನಿಮಗೆ ಬಂದ ವಿಡಿಯೋ ಆ ಎರಡು ತಿಂಗಳಿನದೋ, ಆಮೇಲಿನದೋ ನೋಡಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಕಾರಣ ಗೊತ್ತಾದ ಮೇಲೂ ಅದನ್ನು ಹೇಳದೆ ಬರೀ ಊಹೆಯನ್ನೇ ಹೇಳುತ್ತಿದ್ದರೆ, ಆ ಚಾನೆಲ್‌ನವರು ಮಾಡುತ್ತಿರುವುದು ಸತ್ತವರ ಮೇಲಿನ ವ್ಯಾಪಾರ.

ಎರಡನೆಯದು ಸ್ವಲ್ಪ ಸೂಕ್ಷ್ಮ. ಆ ಊಹೆಗಳೆಲ್ಲ ಗಾಳಿಯಿಂದ ಹುಟ್ಟಿದ್ದಲ್ಲ. ಕಾರಣ ಕಾಣದಿದ್ದುದರಿಂದ ಅಧಿಕಾರಿಗಳೇ ವಿಷಾನಿಲದ ಅನುಮಾನ ಇಟ್ಟುಕೊಂಡು ಕೆಲಸ ಶುರು ಮಾಡಿದ್ದರು. ಹತ್ತಿರದ ಮರ್ಸೆಡ್ ನದಿಯಲ್ಲಿ ವಿಷದ ಪಾಚಿ ಇದ್ದದ್ದೂ ನಿಜ. ಆದರೆ ಪೊಲೀಸರು ಒಂದು ವಿಷಯ ಪರೀಕ್ಷೆ ಮಾಡುತ್ತಿದ್ದಾರೆ ಅಂದರೆ ಅದೇ ನಡೆದಿದೆ ಅಂತಲ್ಲ, ಅಲ್ವಾ? ‘ಗಣಿಯ ಗ್ಯಾಸ್ ಇರಬಹುದಾ ನೋಡುತ್ತಿದ್ದೇವೆ’ ಎಂಬ ಮಾತು ನಾಲ್ಕು ಫಾರ್ವರ್ಡ್ ಆಗುವಷ್ಟರಲ್ಲಿ ‘ಗಣಿಯ ಗ್ಯಾಸಿನಿಂದ ಸತ್ತರು’ ಎಂದಾಗಿರುತ್ತದೆ. ಆದ್ದರಿಂದ ವಾಕ್ಯದ ಕೊನೆ ನೋಡಿ. ‘ಇರಬಹುದಾ’ ಇದೆಯೋ, ‘ಆಗಿದೆ’ ಇದೆಯೋ. ಆಮೇಲೆ ತನಿಖೆಯವರು ಏನನ್ನು ಕೈಬಿಟ್ಟರು ಅಂತ ಹುಡುಕಿ. ಇಲ್ಲಿ ಗುಂಡು, ಆಯುಧ, ಸಿಡಿಲು, ಕಾರ್ಬನ್ ಮೊನಾಕ್ಸೈಡ್, ಸಯನೈಡ್ ವಿಷ, ಡ್ರಗ್ಸ್, ಆತ್ಮಹತ್ಯೆ, ಎಲ್ಲವನ್ನೂ ಒಂದೊಂದಾಗಿ ಕೈಬಿಟ್ಟಿದ್ದರು.

ಮೂರನೆಯದೇ ಮುಖ್ಯ. ಯಾವ ಊಹೆಗೂ ಹೋಗುವ ಮೊದಲು ಸಾಮಾನ್ಯ ಪ್ರಶ್ನೆ ಕೇಳಿ: ಎಷ್ಟು ಹೊತ್ತಿಗೆ ಹೊರಟರು, ಆಗ ಬಿಸಿಲು ಎಷ್ಟು, ಆಮೇಲೆ ಎಷ್ಟಾಯಿತು, ನೆರಳಿತ್ತಾ, ನೀರು ಎಷ್ಟಿತ್ತು, ಏರು ಮೊದಲು ಬಂತಾ ಕೊನೆಗೆ ಬಂತಾ.

ಇಲ್ಲಿ ಉತ್ತರ ಹೀಗಿದೆ. ಹೊರಟಾಗ ಸುಮಾರು 24 ಡಿಗ್ರಿ, ತಂಪು ಬೆಳಿಗ್ಗೆ. ಸುಮಾರು 13 ಕಿಲೋಮೀಟರ್ ಸುತ್ತು. ಮೊದಲು ನದಿಯ ಕಡೆ ಇಳಿಯುವುದು, ಕೊನೆಗೆ ಹತ್ತುವುದು. ಹತ್ತುವ ಹೊತ್ತಿಗೆ ಬಿಸಿಲು 42, 43 ಡಿಗ್ರಿ ಮುಟ್ಟಿತ್ತು. 2018ರ ಕಾಡ್ಗಿಚ್ಚಿನಲ್ಲಿ ಮರ ಸುಟ್ಟುಹೋಗಿ ಆ ಗುಡ್ಡದಲ್ಲಿ ನೆರಳೇ ಇರಲಿಲ್ಲ. ಎರಡೂವರೆ ಲೀಟರಿನ ನೀರಿನ ಚೀಲ ಒಂದಿತ್ತು, ಸಿಕ್ಕಾಗ ಖಾಲಿ. ಬಿಸಿಲಲ್ಲಿ ಏರು ಹತ್ತುವ ದೊಡ್ಡವರ ಮೈಯಿಂದ ಗಂಟೆಗೆ ಒಂದು ಲೀಟರ್ ಬೆವರು ಹೋಗಬಹುದು. ಇಬ್ಬರು ದೊಡ್ಡವರು, ಬೆನ್ನ ಮೇಲೆ ಕೂಸು, ಜೊತೆಗೆ ನಾಯಿ. ಲೆಕ್ಕ ಹಾಕಿದರೆ ಸಂಕಟವಾಗುತ್ತದೆ. ಕೂಸಿನ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ, ಹೇಳಿಕೊಳ್ಳಲೂ ಬರುವುದಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದಕ್ಕಿರುವ ದಾರಿ. ‘ನಾಯಿ ಕೂಡ ಹೇಗೆ ಸತ್ತಿತು’ ಅಂತ ಜನ ಅನುಮಾನ ಪಟ್ಟದ್ದು ಇದನ್ನು ಯೋಚಿಸದೆ.

ಬಿಸಿಲು ಅಂದರೆ ಯಾರೂ ನಂಬಲು ತಯಾರಿರಲಿಲ್ಲ, ಏಕೆಂದರೆ ಬಿಸಿಲು ದಿನಾ ಇರುವಂಥದ್ದು. ನಮ್ಮಲ್ಲೂ ಹಾಗೇ. ಜಲಪಾತದ ಗುಂಡಿಯಲ್ಲಿ ಯಾರಾದರೂ ಮುಳುಗಿದರೆ ‘ಆ ಗುಂಡಿ ವರ್ಷಕ್ಕೊಂದು ಬಲಿ ತೆಗೆದುಕೊಳ್ಳುತ್ತದೆ’ ಅಂತಾರೆ. ಬಂಡೆಯ ಮೇಲಿನ ಪಾಚಿ, ನೀರಿನ ಒಳಸೆಳೆತ, ಈಜು ಬಾರದಿರುವುದು, ಇದ್ಯಾವುದೂ ಮಾತಿಗೆ ಬರುವುದಿಲ್ಲ. ಮುಂದಿನ ಸಲ ಹೋಗುವ ಹುಡುಗರಿಗೆ ಅದೇ ಪಾಚಿ ಕಾದಿರುತ್ತದೆ.

ಈಗ ಅದೇ ಪ್ರಶ್ನೆಗಳನ್ನು ನಮ್ಮ ದಾರಿಗೆ ಕೇಳಿ. ಉಂಚಳ್ಳಿ, ಬುರುಡೆ ಜಲಪಾತಕ್ಕೆ ಹೋದವರಿಗೆ ಗೊತ್ತು, ಮೊದಲು ಇಳಿಯುವುದು ಸುಲಭ, ದಣಿದ ಮೇಲೆ ಹತ್ತುವುದು ಬಾಕಿ ಇರುತ್ತದೆ. ಹಾಗಾಗಿ ಅರ್ಧ ನೀರು ಮುಗಿದರೆ ವಾಪಸ್ ಹೊರಡುವುದಲ್ಲ, ಇಳಿಯುವಾಗ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕುಡಿದಿದ್ದರೆ ಅಲ್ಲೇ ತಿರುಗಿ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚಿನವರೆಗೆ ಗುಡ್ಡ ಹತ್ತಿಳಿದು ನಡೆಯುವವರು ಬಹಳ. ಸಮುದ್ರ ಕಾಣುತ್ತಿರುತ್ತದೆ, ಗಾಳಿ ಇರುತ್ತದೆ, ಅದಕ್ಕೇ ಬಿಸಿಲು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮಧ್ಯೆ ಬಯಲು ಜಾಗ ಬಹಳ, ಕಲ್ಲು ಕಾದು ಕೆಳಗಿನಿಂದಲೂ ಝಳ ಹೊಡೆಯುತ್ತದೆ. ಮೊಬೈಲಿನಲ್ಲಿ 33, 34 ಡಿಗ್ರಿ ತೋರಿಸಿದರೆ ಕಡಿಮೆ ಅಂದುಕೊಳ್ಳಬೇಡಿ. ಕರಾವಳಿಯ ಸೆಖೆಯಲ್ಲಿ ಬೆವರು ಇಳಿದುಹೋಗುತ್ತದೆಯೇ ಹೊರತು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಹತ್ತರೊಳಗೆ ನಡಿಗೆ ಮುಗಿಸಿ. ಕೂಸುಗಳನ್ನು ಈ ಕಾಲದಲ್ಲಿ ಕರೆದೊಯ್ಯಲೇಬೇಡಿ.

ನೀರಿನ ಜೊತೆ ಓಆರ್‌ಎಸ್ ಇಟ್ಟುಕೊಳ್ಳಿ, ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಹೊರಡುವ ಮೊದಲು ಉಪ್ಪು ಹಾಕಿದ ಮಜ್ಜಿಗೆಯೋ ಮುರುಗಲು ಶರಬತ್ತೋ ಕುಡಿದರೆ ಒಳ್ಳೆಯದು.

ಜೊತೆಗಿದ್ದವರಿಗೆ ತಲೆನೋವು, ವಾಂತಿ ಬಂದಂತಾದರೆ ನೆರಳಿಗೆ ಕೂರಿಸಿ. ಮಾತು ತೊದಲಿದರೆ, ಎಲ್ಲಿದ್ದೇನೆ ಎಂಬುದೇ ಗೊತ್ತಾಗದಂತೆ ಆಡಿದರೆ ಅದು ಬಿಸಿಲಾಘಾತ. ಆಗ ‘ಸ್ವಲ್ಪ ಕೂತು ಹೋಗೋಣ’ ಅಂತ ಕಾಯಬೇಡಿ. 108ಕ್ಕೆ ಕರೆ ಮಾಡಿ, ಬಟ್ಟೆ ಸಡಿಲಿಸಿ, ಮೈಯೆಲ್ಲ ನೀರು ಹಾಕಿ ಗಾಳಿ ಬೀಸುತ್ತಲೇ ಇರಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಗ್ರೂಪಿನಲ್ಲಿ ದೊಡ್ಡಪ್ಪನೋ ಚಿಕ್ಕಮ್ಮನೋ ಆ ವಿಡಿಯೋ ಹಾಕಿದರೆ ಎಲ್ಲರೆದುರು ‘ಸುಳ್ಳು’ ಅಂತ ಎಗರಬೇಡಿ. ‘ದೊಡ್ಡಪ್ಪ, ಇದರ ಕಾರಣ 2021ರ ಅಕ್ಟೋಬರಿನಲ್ಲೇ ಗೊತ್ತಾಗಿದೆ, ಬಿಸಿಲು ತಾಗಿ ಸತ್ತದ್ದು’ ಅಂತ ಒಂದು ಸಾಲು ಬರೆದರೆ ಸಾಕು, ಓದುವವರು ಓದುತ್ತಾರೆ. ಸತ್ತವರಿಗೂ ಅಪ್ಪ ಅಮ್ಮ, ಅಣ್ಣ ತಮ್ಮ ಇರುತ್ತಾರೆ. ಹೆಂಡತಿಯೇ ವಿಷ ಹಾಕಿದಳು, ಗಂಡನೇ ಕೊಂದ ಅಂತ ಬರೆದದ್ದು ಅವರ ಕಣ್ಣಿಗೂ ಬೀಳುತ್ತದೆ.

ಇನ್ನೊಂದು ವಿಷಯ 2022ರಲ್ಲಿ ಹೊರಬಂತು. ಆ ಕುಟುಂಬದ ಫೋನ್ ತೆಗೆದು ನೋಡಿದಾಗ, ನೀರಿಲ್ಲ, ಮಗು ಇದೆ, ಸಹಾಯ ಮಾಡಿ ಎಂಬರ್ಥದ ಮೆಸೇಜನ್ನು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕಳಿಸಲು ನೋಡಿದ್ದು ಗೊತ್ತಾಯಿತು. ಐದು ಸಲ ಕರೆ ಮಾಡಲೂ ನೋಡಿದ್ದರು. ಸಿಗ್ನಲ್ ಇರಲಿಲ್ಲ, ಒಂದೂ ಹೋಗಲಿಲ್ಲ. ನಮ್ಮ ಘಟ್ಟದಲ್ಲೂ ಎಷ್ಟೋ ಕಡೆ ಸಿಗ್ನಲ್ ಇಲ್ಲ. ಹೊರಡುವ ಮೊದಲೇ ಮನೆಯಲ್ಲೋ ಉಳಿದುಕೊಂಡ ಹೋಮ್‌ಸ್ಟೇಯಲ್ಲೋ ಒಬ್ಬರಿಗೆ ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ ಅಂತ ಬರೆದುಕೊಟ್ಟು, ಆ ಹೊತ್ತು ಮೀರಿ ಒಂದು ಗಂಟೆ ಆದರೂ ಫೋನ್ ಬರದಿದ್ದರೆ 112ಕ್ಕೆ ಕರೆ ಮಾಡಿ ಅಂತ ಸ್ಪಷ್ಟವಾಗಿ ಹೇಳಿ ಹೋಗಿ.